ಮಗಳಿಗೊಂದು ಪತ್ರ: ಫೋಟೋ ಬರುವ ಮುಂಚೆ ಹೇಳಿದವರು

ಪ್ರೀತಿಯ ಪುಟ್ಟಿ,

"ಅಬು ಘ್ರೈಬ್ ಜೈಲಿನ ಕಥೆ ಹೊರಗೆ ಬಂದಿದ್ದು ಮಾಧ್ಯಮದಿಂದಲೇ ಅಲ್ವಾ ಅಮ್ಮ?" ಅಂತ ಫೋನಿನಲ್ಲಿ ಕೇಳಿದ್ದೆ. ನೀನು ಜರ್ನಲಿಸಂ ಓದುತ್ತಿರುವುದರಿಂದ ಇದಕ್ಕೆ ಸರಿಯಾಗಿಯೇ ಉತ್ತರ ಕೊಡಬೇಕು ಅನ್ನಿಸಿತು. ಇರಾಕಿನ ಬಾಗ್ದಾದ್ ಹತ್ತಿರದ ಆ ಜೈಲಿನಲ್ಲಿ ಅಮೆರಿಕದ ಸೈನಿಕರು ಇರಾಕಿ ಕೈದಿಗಳನ್ನು ಹಿಂಸಿಸಿದ ಕಥೆ ಅದು.

2004ರ ಏಪ್ರಿಲ್ 28ರಂದು ಅಮೆರಿಕದ ಸಿಬಿಎಸ್ ಟೀವಿ ಆ ಹಿಂಸೆಯ ಫೋಟೋಗಳನ್ನು ತೋರಿಸಿತು. ತಲೆಗೆ ಮುಸುಕು ಹಾಕಿ, ಕೈಗೆ ವೈರ್ ಕಟ್ಟಿ, ಡಬ್ಬದ ಮೇಲೆ ನಿಲ್ಲಿಸಿದ್ದ ಕೈದಿಯ ಚಿತ್ರ ನೀನೂ ನೋಡಿದ್ದೀಯ. ಜಗತ್ತು ಬೆಚ್ಚಿಬಿದ್ದಿತು. ಆದರೆ ಬಾಗ್ದಾದಿನ ಎಷ್ಟೋ ಮನೆಗಳಲ್ಲಿ ಅದು ಹಳೆಯ ಸುದ್ದಿ. ಬಿಡುಗಡೆಯಾಗಿ ಬಂದವರು ಅಷ್ಟರಲ್ಲಾಗಲೇ ಎಲ್ಲ ಹೇಳಿಕೊಂಡಿದ್ದರು. 2003ರ ನವೆಂಬರ್ ಮೊದಲ ದಿನವೇ ಅಸೋಸಿಯೇಟೆಡ್ ಪ್ರೆಸ್ ಅನ್ನುವ ಸುದ್ದಿಸಂಸ್ಥೆ ಅವರ ಮಾತನ್ನು ವರದಿ ಮಾಡಿತ್ತು. ಕೈಕಾಲು ಕಟ್ಟಿ ಗಂಟೆಗಟ್ಟಲೆ ಬಿಸಿಲಲ್ಲಿ ಕೆಡವುತ್ತಿದ್ದರು ಅಂತ ಅದರಲ್ಲಿತ್ತು. ಅಮೆರಿಕದ ಹೆಚ್ಚಿನ ಪತ್ರಿಕೆಗಳು ಅದನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಇರಾಕಿಗಳ ಬಾಯಿಮಾತು ಸಾಲಲಿಲ್ಲ, ಸೈನಿಕರೇ ತೆಗೆದ ಫೋಟೋ ಬೇಕಾಯಿತು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ. ಆ ಫೋಟೋ ಕೈಗೆ ಬಂದ ಮೇಲೂ ಸೇನೆಯ ದೊಡ್ಡವರು ಕೇಳಿಕೊಂಡರು ಅಂತ ಸಿಬಿಎಸ್ ಎರಡು ವಾರ ಸುಮ್ಮನಿತ್ತು.

ಹಾಗಂತ ಊರವರ ಮಾತೇ ಯಾವಾಗಲೂ ಸರಿ ಅಂತ ತಿಳಿಯಬೇಡ. ಈ ಕಥೆಯಲ್ಲಿ ಇನ್ನೊಂದು ಊರೂ ಇದೆ. ಆ ಸೈನಿಕರ ತುಕಡಿ ಅಮೆರಿಕದ ಮೇರಿಲ್ಯಾಂಡಿನ ಕಂಬರ್‌ಲ್ಯಾಂಡ್ ಪಕ್ಕದ್ದು. ಫೋಟೋಗಳಿದ್ದ ಸಿ.ಡಿ.ಯನ್ನು ತನಿಖೆಯವರ ಕೈಗೆ ಮುಟ್ಟಿಸಿದ ಜೋ ಡಾರ್ಬಿ ಕೂಡ ಅದೇ ತುಕಡಿಯವನು, ಅದೇ ಸೀಮೆಯವನು. ಹೆಸರು ಗುಟ್ಟಾಗಿರುತ್ತದೆ ಅಂತ ನಂಬಿದ್ದ. ಮೇ ತಿಂಗಳಲ್ಲಿ ಒಂದು ದಿನ ಇರಾಕಿನ ಸೇನಾ ಶಿಬಿರದಲ್ಲಿ, ನೂರಾರು ಸೈನಿಕರ ನಡುವೆ ಊಟಕ್ಕೆ ಕೂತಿದ್ದಾಗ, ಟೀವಿಯಲ್ಲಿ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಅವನ ಹೆಸರು ಹೇಳಿಯೇಬಿಟ್ಟರು. ಆ ಕ್ಷಣ ಅವನಿಗೆ ಹೇಗಾಗಿರಬೇಡ! ಊರಿನಲ್ಲಿ ಕೆಲವರು ಬೆನ್ನು ತಟ್ಟಿದರು, ಆದರೆ ಬಹಳ ಜನ ದ್ರೋಹಿ ಅಂದರು. ಆರೋಪ ಹೊತ್ತ ಸೈನಿಕರ ಪರವಾಗಿ ಮೇಣದಬತ್ತಿ ಹಚ್ಚಿ ಸೇರಿದರು. ಅವನು ವಾಪಸ್ ಆ ಊರಿಗೆ ಹೋಗಿ ಬಾಳಲು ಆಗಲಿಲ್ಲ.

ಆ ಊರವರ ಒಂದು ದೂರು ಮಾತ್ರ ನಿಜ ಪುಟ್ಟಿ. ನಮ್ಮ ಹುಡುಗರನ್ನಷ್ಟೇ ಬಲಿ ಕೊಟ್ಟರು, ಮೇಲಿನವರು ಪಾರಾದರು ಅಂತ ಅವರು ಹೇಳುತ್ತಿದ್ದರು. ಹನ್ನೊಂದು ಸೈನಿಕರಿಗೆ ಶಿಕ್ಷೆಯಾಯಿತು, ಒಬ್ಬನಿಗೆ ಹತ್ತು ವರ್ಷ. ಜೈಲಿನ ಹೊಣೆ ಹೊತ್ತಿದ್ದ ಬ್ರಿಗೇಡಿಯರ್ ಜನರಲ್‌ಗೆ ಹಿಂಬಡ್ತಿ, ಅಷ್ಟೇ. ಕ್ಯಾಮೆರಾಗಳೂ ಆ ತುಕಡಿಯ ಹುಡುಗಿಯೊಬ್ಬಳ ಟ್ರೇಲರ್ ಮನೆಯ ಮುಂದೆ ಸಾಲುಗಟ್ಟಿ ನಿಂತವೇ ಹೊರತು, ಕೈದಿಗಳನ್ನು 'ಮೆತ್ತಗೆ ಮಾಡಿ' ಅಂದವರ ಬಾಗಿಲಿಗೆ ಅಷ್ಟಾಗಿ ಹೋಗಲಿಲ್ಲ. ಆದರೆ ದೂರು ನಿಜ ಅಂದ ಮಾತ್ರಕ್ಕೆ ಆ ಹುಡುಗರು ಮಾಡಿದ್ದು ಸಣ್ಣದಾಗುತ್ತದಾ? ಅಲ್ಲಿ ಯಾರದೋ ಅಪ್ಪನನ್ನು, ಯಾರದೋ ಮಗನನ್ನು ಬೆತ್ತಲೆ ನಿಲ್ಲಿಸಿ ನಕ್ಕಿದ್ದರು. ಇರಾಕಿನಲ್ಲಿ ಹಿಡಿದು ತಂದವರಲ್ಲಿ ನೂರಕ್ಕೆ ಎಪ್ಪತ್ತರಿಂದ ತೊಂಬತ್ತು ಜನ ತಪ್ಪಾಗಿ ಸಿಕ್ಕವರು ಅಂತ ಸೇನೆಯ ಗುಪ್ತಚರ ಅಧಿಕಾರಿಗಳೇ ರೆಡ್ ಕ್ರಾಸ್‌ಗೆ ಅಂದಾಜು ಹೇಳಿದ್ದರು.

ನಿನ್ನ ಪ್ರಾಜೆಕ್ಟಿಗೆ ಫೋಟೋಗಳನ್ನು ಬಿಟ್ಟು ಬೇರೆ ಏನಾದರೂ ತಗೋ. ಸೇನೆಗೆ ವಿಚಾರಣೆಗಾರರನ್ನು ಒದಗಿಸಿದ್ದ ಸಿಎಸಿಐ ಕಂಪನಿಯ ಮೇಲೆ ಇರಾಕಿಗಳು 2008ರಲ್ಲಿ ಹೂಡಿದ ಕೇಸಿದೆ. ಕೊನೆಗೆ ಉಳಿದವರು ಮೂವರು: ಒಬ್ಬರು ಶಾಲೆಯ ಮುಖ್ಯೋಪಾಧ್ಯಾಯರು, ಒಬ್ಬರು ಹಣ್ಣಿನ ವ್ಯಾಪಾರಿ, ಇನ್ನೊಬ್ಬರು ನಿನ್ನ ಹಾಗೆಯೇ ಪತ್ರಿಕೋದ್ಯಮದವರು. 2024ರ ನವೆಂಬರ್‌ನಲ್ಲಿ ವರ್ಜೀನಿಯಾದ ಜ್ಯೂರಿ ಅವರ ಮಾತನ್ನು ನಂಬಿ, 4.2 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂದಿತು. ಅವರು ಕೋರ್ಟಿನಲ್ಲಿ ಏನು ಹೇಳಿದರು ಅನ್ನುವುದನ್ನು ಹುಡುಕಿ ಓದು. ಓದಿದ ಮೇಲೆ ಫೋನ್ ಮಾಡು, ತಡರಾತ್ರಿಯಾದರೂ ಪರವಾಗಿಲ್ಲ.

ನಿನ್ನ
ಅಮ್ಮ