ಹತ್ತಿ ಬದಲಿಸುವ ದಾರಿ ತೋರಿದವರಿಗೆ ವಂದನೆ

ಇಂಗ್ಲೆಂಡಿನ ಲೆಸ್ಟರ್‌ನ ಅಂಗಡಿಯೊಂದರಲ್ಲಿ, ಇ-ಸಿಗರೇಟಿನ ದ್ರವ ತುಂಬುವ ತೊಟ್ಟಿಯಾದ ನನ್ನ ಹಳೆಯ ಕ್ಯಾಂಗರ್ ಸಬ್‌ಟ್ಯಾಂಕ್ ಮಿನಿಗೆ ಹತ್ತಿಯನ್ನು ನಾವೇ ಸುಲಭವಾಗಿ ಬದಲಿಸಬಹುದಾದ ಕಾಯಿಲ್ (ಹತ್ತಿ ಹೀರಿದ ದ್ರವವನ್ನು ಕಾಯಿಸಿ ಆವಿಯಾಗಿಸುವ ಭಾಗ) ಸಿಗುವುದೇ ಎಂದು ವಿಚಾರಿಸುತ್ತಿದ್ದಾಗ, ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ತಾವಾಗಿಯೇ ನೆರವಿಗೆ ಬಂದ ಹಿರಿಯರೇ, ತಮ್ಮ ಹೆಸರನ್ನು ಕೇಳುವ ಮೊದಲೇ ತಾವು ಹೊರಟುಹೋದುದರಿಂದ ನನ್ನ ಕೃತಜ್ಞತೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿದ್ಧ ಕಾಯಿಲ್‌ನಲ್ಲಿ ಹತ್ತಿಯು ಲೋಹದ ಕೊಳವೆಯೊಳಗೆ ಬಿಗಿಯಾಗಿ ಕೂತಿರುವುದರಿಂದ ಅದನ್ನು ಕೀಳಲು ಹೆಣಗುವುದಕ್ಕಿಂತ, ಅದೇ ಜಾಗದಲ್ಲಿ ತಿರುಗಿಸಿ ಕೂರಿಸುವ ಆರ್‌ಬಿಎ, ಅಂದರೆ ತಂತಿ-ಹತ್ತಿಗಳನ್ನು ನಾವೇ ಅಳವಡಿಸಬಹುದಾದ ತಳವನ್ನು ಹುಡುಕುವುದು ಲೇಸೆಂದು ತಾವು ತಿಳಿಸಿದಿರಿ. ಅದರಲ್ಲಿ ತಂತಿಯ ಸುರುಳಿ ಅಡ್ಡಲಾಗಿ, ಕೈಗೆಟಕುವಂತೆ ಇರುತ್ತದೆ. ಹಳೆಯ ಹತ್ತಿಯನ್ನು ಚಿಮುಟದಿಂದ ಎಳೆದು ತೆಗೆದು, ಕ್ಯಾಂಥಲ್ ಎಂಬ ಮಿಶ್ರಲೋಹದ ತಂತಿಯನ್ನು ಕಡಿಮೆ ವ್ಯಾಟ್‌ನಲ್ಲಿ ಸ್ವಲ್ಪ ಸ್ವಲ್ಪವೇ ಕಾಯಿಸಿ ಅಂಟಿದ ಕರಿಯನ್ನು ಸುಟ್ಟು, ಪೂರ್ತಿ ಆರಿದ ಮೇಲೆ ಹೊಸ ಹತ್ತಿಯನ್ನು ಪೋಣಿಸಬೇಕು. ತೀರ ಬಿಗಿಯಾದರೆ ದ್ರವ ಏರದೆ ಸುಟ್ಟ ರುಚಿ ಬರುತ್ತದೆ, ತೀರ ಸಡಿಲವಾದರೆ ಸೋರುತ್ತದೆ. ಬಿಗಿ ಎಷ್ಟಿರಬೇಕೆಂಬುದನ್ನು ತಾವು ಬೆರಳಲ್ಲಿ ಎಳೆದು ತೋರಿಸಿದ್ದು, ಯಾವ ಕೈಪಿಡಿಯಲ್ಲೂ ನನಗೆ ದೊರೆಯದಿದ್ದ ಪಾಠ.

ಸಿಗರೇಟಿನಿಂದ ದೂರವಿರಲು ಈ ಸಾಧನವನ್ನು ನೆಚ್ಚಿಕೊಂಡಿರುವ ನನಗೆ ಅದು ಸರಿಯಾಗಿ ನಡೆಯುವುದು ಸಣ್ಣ ಸಂಗತಿಯಲ್ಲ. ಆ ತಳ ಈಗ ನನ್ನ ಬಳಿಯಿದೆ. ತಾವು ಹೇಳಿದಂತೆಯೇ ಹತ್ತಿ ಬದಲಿಸುತ್ತಿದ್ದೇನೆ. ತಮಗೆ ಹೃತ್ಪೂರ್ವಕ ಧನ್ಯವಾದಗಳು.