ಅರಣ್ಯ ಸಚಿವರಿಗೆ: ಚೆಕ್‌ಪೋಸ್ಟಿನ ಆ ನೋಟ್‌ಬುಕ್ ನಮಗೂ ತೋರಿಸಿ

ಮಾನ್ಯ ಅರಣ್ಯ ಸಚಿವರೇ,

ನಮಸ್ಕಾರ. ಬೆಂಗಳೂರಿನ ಶ್ರೀನಗರದಲ್ಲಿರುವವಳು ನಾನು, ಬ್ಯಾಂಕಿನಲ್ಲಿ ಕೆಲಸ. ಎರಡನೇ ಶನಿವಾರ, ನಾಲ್ಕನೇ ಶನಿವಾರ ಬಿಟ್ಟರೆ ಬೆಟ್ಟ ಹತ್ತಲು ನನಗೆ ಬೇರೆ ದಿನವಿಲ್ಲ. ಐದು ಜನರ ನಮ್ಮ ತಂಡ ಎಲ್ಲಿಗಾದರೂ ಹೊರಡಬೇಕೆಂದರೆ ತಿಂಗಳ ಮೊದಲೇ ಲೆಕ್ಕಾಚಾರ ಶುರು. ಎಲ್ಲರ ರಜೆ ಕೂಡಿಬರಬೇಕು, ಪರ್ಮಿಟ್ ಸಿಗಬೇಕು, ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಬಸ್ಸಿನಲ್ಲಿ ಸೀಟೂ ಸಿಗಬೇಕು.

ಕಳೆದ ಅಕ್ಟೋಬರಿನಲ್ಲಿ ಹೀಗೇ ಪಶ್ಚಿಮ ಘಟ್ಟದ ಒಂದು ಬೆಟ್ಟಕ್ಕೆ ಹೋಗಿದ್ದೆವು. ಯಾವ ಬೆಟ್ಟ, ಯಾವ ಚೆಕ್‌ಪೋಸ್ಟ್ ಎಂದು ಬರೆಯುವುದಿಲ್ಲ. ಬರೆದರೆ ಪಾಪ ಅಲ್ಲಿನ ಗಾರ್ಡಿಗೆ ನೋಟಿಸು ಹೋದೀತು, ಅವರದೇನೂ ತಪ್ಪಿರಲಿಲ್ಲ. ಬೆಳಗ್ಗೆ ಆರೂವರೆಗೆ ನಮ್ಮ ಟಿಕೆಟ್ ನೋಡಿದರು, ಆಧಾರ್ ನೋಡಿದರು, ಬ್ಯಾಗಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಎಣಿಸಿದರು. ಆಮೇಲೆ, "ಇವತ್ತು ಬಿಡಕ್ಕಾಗಲ್ಲ ಮೇಡಂ, ಹಳ್ಳ ಬಂದಿದೆ" ಅಂದರು. ನಮ್ಮ ತಂಡದ ಹುಡುಗನೊಬ್ಬ ವಾದಕ್ಕಿಳಿದ. ಗಾರ್ಡ್ ಬೇಜಾರು ಮಾಡಿಕೊಳ್ಳದೆ ಮೇಜಿನ ಮೇಲಿದ್ದ ಇನ್ನೂರು ಪುಟದ ನೋಟ್‌ಬುಕ್ಕನ್ನು ನಮ್ಮ ಕಡೆ ತಿರುಗಿಸಿದರು.

ನೀಲಿ ಇಂಕಿನಲ್ಲಿ ದಿನಕ್ಕೊಂದು ಸಾಲು. ಬುಧವಾರ: "ಸಂಜೆ ಗುಡುಗು ಮಳೆ. ಹಳ್ಳ ಮೊಣಕಾಲು." ಗುರುವಾರ: "ಹಳ್ಳ ಸೊಂಟ. ದಾಟೋ ಬಂಡೆ ಮುಳುಗಿದೆ. ಇಂಬಳ ಜಾಸ್ತಿ." ಶುಕ್ರವಾರ: "ಹಾಗೇ ಇದೆ. ಎರಡನೇ ತಿರುವಲ್ಲಿ ಮರ ಬಿದ್ದಿದೆ. ಆನೆ ಲದ್ದಿ, ಹಸಿ."

ಸ್ವಾಮಿ, ಆ ವಾರವೆಲ್ಲ ನಾನು ಮೊಬೈಲಿನಲ್ಲಿ ಹವಾಮಾನ ನೋಡುತ್ತಿದ್ದೆ. ಒಂದು ಮೋಡದ ಚಿತ್ರ, ಕೆಳಗೆ ಎರಡು ಹನಿ, ಅಷ್ಟೇ. ನನಗೆ ಬೇಕಿದ್ದದ್ದು ಆ ಗುರುವಾರದ ಸಾಲು. ಅದು ಗುರುವಾರವೇ ಬರೆದಾಗಿತ್ತು. ಕಾಡು ಕಾಯುವ ಒಬ್ಬ ವಾಚರ್, ಇಂಬಳ ಅಂದರೆ ಜಿಗಣೆ ಹತ್ತದಿರಲೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೋಗಿ, ನೋಡಿ ಬಂದು ಬರೆದಿದ್ದರು. ಅದನ್ನು ಓದಲು ನಾವು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಬೇಕಾಯಿತು.

ಪರ್ಮಿಟ್ ಬೇಡ ಎನ್ನುವವರ ಗುಂಪಿನವಳಲ್ಲ ನಾನು. 2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ವಿಡಿಯೋ ನೋಡಿದವರು ಯಾರೂ ಹಾಗೆನ್ನಲಾರರು. ಜಾತ್ರೆಯ ತೇರು ಎಳೆಯಲು ನಿಂತಂತಿತ್ತು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿದಿರಿ, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ತಂದಿರಿ. ಒಳ್ಳೆಯದಾಯಿತು. ಅಭಯಾರಣ್ಯದೊಳಗೆ ಕಾಲಿಡಲು ಅನುಮತಿ ಬೇಕೆಂಬುದು 1972ರ ವನ್ಯಜೀವಿ ಕಾಯ್ದೆಯಲ್ಲೇ ಇದೆ.

ಆದರೆ ಪರ್ಮಿಟ್ಟಿನಿಂದ ನನಗೆ ತಿಳಿಯುವುದು ಇಷ್ಟೇ: ಆ ದಿನ ನನಗೊಂದು ಜಾಗ ಇದೆ. ದಾರಿ ಹೇಗಿದೆ ಎಂಬುದು ಬೇರೆಯೇ ವಿಷಯ. ಕುಮಾರಪರ್ವತವನ್ನೇ ತೆಗೆದುಕೊಳ್ಳಿ. ತುದಿ 1712 ಮೀಟರ್. ಕುಕ್ಕೆ ಕಡೆಯಿಂದ ಹೊರಟರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರು, ಸೋಮವಾರಪೇಟೆ ಕಡೆಯಿಂದ ಎಷ್ಟೋ ಕಡಿಮೆ. ಅಕ್ಟೋಬರಿನಲ್ಲಿ ಹೋಗುವವರಿಗೆ ಮಧ್ಯಾಹ್ನದ ಗುಡುಗು ಮಳೆಯ ಚಿಂತೆ, ಜನವರಿಯಲ್ಲಿ ಹೋಗುವವರಿಗೆ ನೀರಿನ ಚಿಂತೆ. ಮೇಲಿನ ತೊರೆ ಬತ್ತಿದೆಯೆಂದು ಗೊತ್ತಿದ್ದರೆ ತಲೆಗೆ ನಾಲ್ಕು ಲೀಟರ್ ಹೊರಬೇಕು, ಅಂದರೆ ಬ್ಯಾಗಿಗೆ ನಾಲ್ಕು ಕೆಜಿ. ಗೊತ್ತಿಲ್ಲದವರು ಎರಡು ಬಾಟಲಿ ಹಿಡಿದು ಹೋಗಿ, ಇಳಿಯುವಾಗ ಸಿಕ್ಕಸಿಕ್ಕವರ ಹತ್ತಿರ ನೀರು ಬೇಡುತ್ತಾರೆ. ಹಾಗೆ ಬೇಡಿದವರಲ್ಲಿ ನಾನೂ ಒಬ್ಬಳು.

ಬೇಸಿಗೆಯದು ಇನ್ನೊಂದು ಕಥೆ. ಹುಲ್ಲು ಒಣಗಿ ಬೆಂಕಿಯ ಭಯ ಶುರುವಾದರೆ ದಾರಿ ಮುಚ್ಚುತ್ತೀರಿ. ಮುಚ್ಚಲೇಬೇಕು, ಕಣಿವೆಯ ನಿತ್ಯಹಸಿರು ಶೋಲಾ ಕಾಡಿಗೆ ಕಿಡಿ ತಾಗಿದರೆ ಮತ್ತೆ ಬೆಳೆಯಲು ನಮ್ಮ ಆಯಸ್ಸು ಸಾಲದು. ಮುಚ್ಚುವ ಆದೇಶ ಚೆಕ್‌ಪೋಸ್ಟಿನ ಗೇಟಿಗೆ ಅಂಟುವ ಮೊದಲು ನಮ್ಮ ಮೊಬೈಲಿಗೆ ಬರಲಿ ಅಂತಷ್ಟೇ ನನ್ನ ಬಿನ್ನಹ. ಬುಕ್ ಮಾಡುವಾಗ ನಂಬರು ಕೊಟ್ಟೇ ಇರುತ್ತೇವಲ್ಲ.

ಇದಕ್ಕೆ ಹೊಸ ಆ್ಯಪ್ ಮಾಡಿಸಬೇಡಿ. ಟೆಂಡರ್ ಬೇಡ, ಉದ್ಘಾಟನೆಯೂ ಬೇಡ. ಚೆಕ್‌ಪೋಸ್ಟಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ನಿಜ. ವೈರ್‌ಲೆಸ್ ಇರುವ ಕಡೆ ಸಂಜೆ ಆ ಒಂದು ಸಾಲನ್ನು ರೇಂಜ್ ಆಫೀಸಿಗೆ ಓದಿ ಹೇಳಿದರೆ ಸಾಕು. ಅಲ್ಲಿ ಕೂತವರು ಅದನ್ನು ಬುಕಿಂಗ್ ಪುಟದಲ್ಲಿ ಆಯಾ ದಾರಿಯ ಹೆಸರಿನ ಕೆಳಗೆ ಹಾಕಲಿ, ಗಾರ್ಡ್ ಬರೆದ ಕನ್ನಡದಲ್ಲೇ. "ಹಳ್ಳ ಸೊಂಟ" ಎಂಬುದಕ್ಕಿಂತ ಚೆನ್ನಾಗಿ ಯಾವ ಅಧಿಕಾರಿಯೂ ಬರೆಯಲಾರರು. ಶುಕ್ರವಾರದ್ದು ಮಾತ್ರ ಸಂಜೆ ಆರರೊಳಗೆ ಬರಲಿ, ಬಸ್ಸುಗಳು ಹೊರಡುವುದು ಆಮೇಲೆ. ದಾರಿ ಮುಚ್ಚಿದ ದಿನದ ದುಡ್ಡು ವಾಪಸ್ ಕೊಡಿ, ಇಲ್ಲವೇ ಬೇರೆ ತಾರೀಕು ಕೊಡಿ. ಎರಡನೆಯದಾದರೂ ನಮಗೆ ಸಂತೋಷವೇ.

ಅಂದು ಹಿಂದಿರುಗುವ ಮೊದಲು ಆ ಗಾರ್ಡ್ ನಮ್ಮೈವರಿಗೂ ಬೆಲ್ಲದ ಕಾಫಿ ಕೊಟ್ಟರು. "ಮುಂದಿನ ಸಲ ಬರೋ ಮುಂಚೆ ಫೋನ್ ಮಾಡಿ" ಅಂದರು. ನಂಬರು ಕೇಳಿದೆವು. "ಇಲ್ಲಿ ಸಿಗ್ನಲ್ ಇಲ್ಲವಲ್ಲ" ಎಂದು ಅವರೇ ನಕ್ಕರು.

ಈ ನವೆಂಬರಿನ ಎರಡನೇ ಶನಿವಾರಕ್ಕೆ ಅದೇ ಬೆಟ್ಟಕ್ಕೆ ಮತ್ತೆ ಬುಕ್ ಮಾಡಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಶ್ರೀನಗರದ ಒಬ್ಬ ಚಾರಣಿಗಿತ್ತಿ
ಬೆಂಗಳೂರು