ಸೊನ್ನೆ ರೂಪಾಯಿ ಟಿಕೆಟ್‌ಗಳ ಪುಸ್ತಕ

ಹೋದ ವಾರ ರಿಸಲ್ಟ್ ಬಂತು. ನಮ್ಮ ಇಬ್ಬರು ಹುಡುಗರು ಹತ್ತನೇ ಕ್ಲಾಸಿನ ಐದೂ ವಿಷಯ ಮುಗಿಸಿದ್ದಾರೆ. ಫೋಟೊ ಹಾಕಿ ಅಂತ ಎಷ್ಟೊಂದು ಜನ ಕೇಳಿದಿರಿ. ಫೋಟೊ ಇಲ್ಲ, ಹೆಸರಿಲ್ಲ, ಊರೂ ಇಲ್ಲ. ಕೇಸಿನಲ್ಲಿ ಸಿಕ್ಕ ಮಕ್ಕಳ ಗುರುತು ಬಿಟ್ಟುಕೊಡುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಒಪ್ಪುವುದಿಲ್ಲ. ಒಪ್ಪಿದ್ದರೂ ನಾನು ಹಾಕುತ್ತಿರಲಿಲ್ಲ. ಅದರ ಬದಲಿಗೆ ಈ ಬರಹ.

2022ರ ಜೂನ್‌ನಲ್ಲಿ ಬಾಲಕರ ವೀಕ್ಷಣಾಲಯದ ಒಳಗೆ ಪಾಠ ಶುರು ಮಾಡಿದ ಕಥೆ ನಿಮಗೆಲ್ಲ ಗೊತ್ತು. (ಕೇಸು ವಿಚಾರಣೆಯಲ್ಲಿರುವ ಹುಡುಗರನ್ನು ಇಡುವ ಜಾಗ. ಊರವರ ಬಾಯಲ್ಲಿ ಅದು ಈಗಲೂ ರಿಮ್ಯಾಂಡ್ ಹೋಮೇ.) ಅದನ್ನೇ ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಸೂಪರಿಂಟೆಂಡೆಂಟ್ ಮೇಡಂ, ಬಾಲ ನ್ಯಾಯ ಮಂಡಳಿಯ ಸದಸ್ಯರು, ಭಾನುವಾರದ ನಿದ್ದೆ ಬಿಟ್ಟು ಬಂದ ಬಿ.ಎಡ್. ಹುಡುಗ ಹುಡುಗಿಯರು, ಸಾಲ ಬರೆದುಕೊಂಡೇ ನೋಟ್‌ಬುಕ್ ಕೊಟ್ಟ ಅಂಗಡಿಯಣ್ಣ, ಪರೀಕ್ಷೆಗೆ ಮಫ್ತಿಯಲ್ಲಿ ಜೊತೆಗೆ ಬಂದು ದೂರದಲ್ಲೇ ನಿಂತ ಪೊಲೀಸಣ್ಣ, ಚಿತ್ರಾನ್ನ ಕಟ್ಟಿಕೊಟ್ಟ ಅಡುಗೆಯಕ್ಕ, ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಎಲ್ಲರನ್ನೂ ಒಂದೇ ಸಾಲಿಗೆ ತುರುಕಿಬಿಟ್ಟಳು ಅಂತ ಬೇಜಾರು ಮಾಡ್ಕೋಬೇಡಿ. ಇವತ್ತಿನ ಜಾಗ ಒಬ್ಬರಿಗೆ.

ಅವರನ್ನು ನಾವು ಟ್ರೆಜರಿ ಸರ್ ಅಂತೀವಿ. ಹೆಸರು ಹಾಕಬಾರದು ಅಂತ ಕಂಡೀಷನ್ ಹಾಕಿದ್ದಾರೆ. "ಹುಡುಗರಿಗೊಂದು ಕಾನೂನು, ನನಗೊಂದಾ?" ಅನ್ನುತ್ತಾರೆ. ಖಜಾನೆಯಲ್ಲಿ ಇಡೀ ಸರ್ವೀಸ್ ಕಳೆದು ರಿಟೈರ್ ಆದವರು. ಒಂದು ದಿನವೂ ಪಾಠ ಮಾಡಿಲ್ಲ. ಹುಡುಗರಲ್ಲಿ ಎಷ್ಟೋ ಜನ ಅವರನ್ನು ನೋಡೇ ಇಲ್ಲ.

2023ರ ಡಿಸೆಂಬರ್. ಆಗ ನಮ್ಮ ಟ್ರಸ್ಟಿನ ದುಡ್ಡೆಲ್ಲ ಒಂದು ಕಂಪನಿಯ ಸಿಎಸ್‌ಆರ್‌ನಿಂದ ಬರುತ್ತಿತ್ತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದಲ್ಲ, ಆ ದುಡ್ಡು. ಕೊಡುವವರಿಗೆ ಎರಡು ಬೇಕಿತ್ತು. ಒಂದು, ಮಕ್ಕಳ ಫೋಟೊ. ಇನ್ನೊಂದು, ಜೂನ್‌ನಲ್ಲಿ ಸೇರಿದವರಲ್ಲಿ ಎಷ್ಟು ಜನ ಮಾರ್ಚ್‌ನಲ್ಲಿ ಪಾಸಾದರು ಅನ್ನುವ ಲೆಕ್ಕ.

ಫೋಟೊ ಯಾಕಿಲ್ಲ ಅಂತ ಆಗಲೇ ಹೇಳಿದೆ. ಲೆಕ್ಕವೂ ಇರಲಿಲ್ಲ. ಒಬ್ಬ ಹದಿನೈದೇ ದಿನಕ್ಕೆ ಜಾಮೀನಿನ ಮೇಲೆ ಮನೆಗೆ ಹೋಗುತ್ತಾನೆ. ಇನ್ನೊಬ್ಬ ಎಂಟು ತಿಂಗಳು ಇರುತ್ತಾನೆ. ಜೂನ್‌ನಲ್ಲಿ ಚಾಪೆ ಮೇಲೆ ಕೂತವರು ಮಾರ್ಚ್‌ನಲ್ಲಿ ಅಲ್ಲಿರುವುದಿಲ್ಲ. ಇರಲೂಬಾರದು ಅಲ್ವಾ? ಹುಡುಗ ಮನೆಗೆ ಹೋದ ಅಂತ ನಾವು ಇಲ್ಲಿ ಖುಷಿಪಡುತ್ತಿದ್ದರೆ, ಅವರ ರಿಪೋರ್ಟಿನಲ್ಲಿ ಅವನು 'ಡ್ರಾಪ್‌ಔಟ್'.

ಒಂದು ಸಂಜೆ ಮೇಲ್ ಬಂತು. ಮುಂದಿನ ಕಂತು ಇಲ್ಲ. ಮರುದಿನ ಹನ್ನೊಂದಕ್ಕೆ ಮಕ್ಕಳ ರಕ್ಷಣಾ ಘಟಕದಲ್ಲಿ ಮೀಟಿಂಗ್ ಇತ್ತು. ಮುಂದಿನ ವರ್ಷದ ಯೋಜನೆ ಏನು, ದುಡ್ಡು ಎಲ್ಲಿಂದ, ಎರಡನ್ನೂ ಅಲ್ಲಿ ತೋರಿಸಬೇಕಿತ್ತು. ನಾನು ಕೂತು ಒಂದು ಪತ್ರ ಟೈಪ್ ಮಾಡಿದೆ. ಅನಿವಾರ್ಯ ಕಾರಣಗಳಿಂದ ತರಗತಿಗಳನ್ನು ನಿಲ್ಲಿಸುತ್ತಿದ್ದೇವೆ, ಇಷ್ಟೇ. ಟ್ರೆಜರಿ ಸರ್‌ಗೆ ಫೋನ್ ಮಾಡಿದ್ದು ಉಳಿದ ದುಡ್ಡಿನ ಲೆಕ್ಕ ಹೇಗೆ ಮುಗಿಸುವುದು ಅಂತ ಕೇಳಲಿಕ್ಕೆ.

ರಾತ್ರಿ ಎಂಟೂವರೆಗೆ ಮನೆಗೇ ಬಂದರು. ಮಫ್ಲರ್ ಸುತ್ತಿಕೊಂಡು, ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದರಲ್ಲಿ ಕ್ಯಾಲ್ಕ್ಯುಲೇಟರ್. ಪತ್ರ ಓದಿ ಪಕ್ಕಕ್ಕಿಟ್ಟರು. "ಒಂದು ಹಾಳೆ ಕೊಡಮ್ಮ" ಅಂದರು. ಅದರ ಮೇಲೆ ನಾಲ್ಕು ಕಾಲಂ ಎಳೆದರು. ಆರಂಭ ಶಿಲ್ಕು, ಜಮಾ, ಖರ್ಚು, ಅಂತಿಮ ಶಿಲ್ಕು. (ಶಿಲ್ಕು ಅಂದರೆ ಕೈಯಲ್ಲಿ ಉಳಿದದ್ದು.)

"ತಿಂಗಳ ಒಂದನೇ ತಾರೀಖು ಎಷ್ಟು ಹುಡುಗರಿದ್ದರು? ಎಷ್ಟು ಬಂದರು? ಎಷ್ಟು ಹೋದರು?"

ನನಗೆ ಮೈಯೆಲ್ಲ ಉರಿಯಿತು. ಹುಡುಗರೇನು ಗೋಡೌನಿನ ಅಕ್ಕಿ ಮೂಟೆಗಳಾ ಸರ್ ಅಂದುಬಿಟ್ಟೆ.

"ಅಕ್ಕಿ ಮೂಟೆ ಕಾಣೆಯಾದರೆ ಒಬ್ಬನಾದರೂ ಸಸ್ಪೆಂಡ್ ಆಗ್ತಾನೆ ಕಣಮ್ಮ. ಇವರು ಹೊರಗೆ ಹೋದಮೇಲೆ ಎಲ್ಲಿದ್ದಾರೆ ಅನ್ನೋದಕ್ಕೆ ನಿನ್ನ ಪುಸ್ತಕದಲ್ಲಿ ಕಾಲಂ ಎಲ್ಲಿದೆ?"

ಇರಲಿಲ್ಲ.

ಐದನೇ ಕಾಲಂ ಎಳೆದು ಒಂದೊಂದೇ ಹೆಸರು ಕೇಳುತ್ತಾ ಹೋದರು. ಎರಡು ಗಂಟೆ ಹೊತ್ತಿಗೆ ನಾನು ಅತ್ತುಬಿಟ್ಟೆ. ದುಡ್ಡಿಗಲ್ಲ. ಒಬ್ಬ ಹುಡುಗನ ಮುಖ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಸಹಿ ಹಾಕುವುದನ್ನು ಅವನು ಕಲಿತದ್ದು ನನ್ನ ಹತ್ತಿರವೇ. ಸಹಿ ಕಣ್ಣಿಗೆ ಕಟ್ಟಿದ ಹಾಗಿದೆ, ಕೊನೆಯ ಅಕ್ಷರದ ಬಾಲ ಕೆಳಗಿನ ಗೆರೆ ದಾಟಿ ಹೋಗುತ್ತಿತ್ತು. ಮುಖ ಮಾತ್ರ ಇಲ್ಲ. ಒಂದೂವರೆ ವರ್ಷ ಮಕ್ಕಳು ಮಕ್ಕಳು ಅಂತ ಮೈಕ್ ಹಿಡಿದು ಮಾತಾಡಿದವಳು ನಾನು. ಸರ್ ಸಮಾಧಾನ ಹೇಳಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನ್ನ ಕಡೆ ತಳ್ಳಿದರು. ಆ ಹೆಸರಿನ ಮುಂದೆ 'ವಿಚಾರಿಸಬೇಕು' ಅಂತ ಬರೆದು ಮುಂದಿನ ಹೆಸರಿಗೆ ಹೋದರು.

ಅವರು ಎದ್ದಾಗ ನಾಲ್ಕೂಕಾಲು. ಅಷ್ಟರಲ್ಲಿ ಯೋಜನೆ ಪೂರ್ತಿ ತಲೆಕೆಳಗಾಗಿತ್ತು. ಒಂದು ವರ್ಷದ ಪಾಠ ಅನ್ನುವುದನ್ನೇ ಕೈಬಿಟ್ಟೆವು. ಮೂರು ವಾರದ ತುಂಡುಗಳಾಗಿ ಮಾಡಿ, ಯಾವ ದಿನ ಬಂದವನೂ ಸೇರಬಹುದು ಅಂತ ಮಾಡಿದೆವು. ಪರೀಕ್ಷೆ ರಾಷ್ಟ್ರೀಯ ಮುಕ್ತ ಶಾಲೆಯದು, ಎನ್‌ಐಒಎಸ್. ಅಲ್ಲಿ ಒಮ್ಮೆ ಸೇರಿದರೆ ಐದು ವರ್ಷ, ಒಂಬತ್ತು ಅವಕಾಶ. ಪಾಸಾದ ವಿಷಯ ಪಾಸಾದ ಹಾಗೆಯೇ ಉಳಿಯುತ್ತದೆ. ಇದನ್ನು ಕೇಳಿ ಸರ್ ಆ ರಾತ್ರಿ ಮೊದಲ ಸಲ ನಕ್ಕರು. "ಅಂದರೆ ಹುಡುಗ ಹೋದರೂ ಶಿಲ್ಕು ಅವನದೇ!"

ಬಜೆಟ್‌ನಲ್ಲಿದ್ದ ಟ್ಯಾಬ್‌ಗಳ ಮೇಲೆ ಕೆಂಪು ಗೆರೆ ಬಿತ್ತು. ಬಿಡುಗಡೆಯಾದವನ ಮನೆಗೆ ಹೋಗಿ ಬರುವ ಬಸ್ ಚಾರ್ಜು, ಪರೀಕ್ಷೆ ಫೀಸು ಒಳಗೆ ಬಂದವು. ವೀಕ್ಷಣಾಲಯ ನಡೆಯುವುದು ಮಕ್ಕಳ ರಕ್ಷಣೆಗಿರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ದುಡ್ಡಿನಲ್ಲಿ, ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ನಮ್ಮ ಈ ಬಸ್ ಚಾರ್ಜಿಗೆ ನಮಗೆ ಎಲ್ಲೂ ಜಾಗ ಸಿಕ್ಕಿರಲಿಲ್ಲ. ಕಂಪನಿಯವರಿಗಂತೂ ಬಸ್ಸಿಗಿಂತ ಟ್ಯಾಬೇ ಚೆಂದ. ಟ್ಯಾಬಿನ ಮೇಲಾದರೆ ಲೋಗೊ ಅಂಟಿಸಬಹುದು.

"ನೀವು ಹೆಂಗಸರೇ ಹೋಗಿ ಬನ್ನಿ. ಶಕ್ತಿ ಯೋಜನೆ ಇರೋದು ಯಾತಕ್ಕೆ?" ಅಂದರು ಸರ್. 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ನಮಗೆ ಟಿಕೆಟ್ ಸೊನ್ನೆ ರೂಪಾಯಿ. ಆದರೂ ಟಿಕೆಟ್ ತಂದು ಕೊಡಲೇಬೇಕು. ಅದನ್ನು ಪುಸ್ತಕಕ್ಕೆ ಅಂಟಿಸಿ, ಮುಂದೆ ಹುಡುಗನ ನಂಬರ್, ತಾರೀಖು, ಮೊತ್ತದ ಕಾಲಂನಲ್ಲಿ 0 ಬರೆಯುತ್ತಾರೆ. ಊರಿನ ಹೆಸರಿನ ಮೇಲೆ ಒಂದು ಚೂರು ಬಿಳಿ ಕಾಗದ. ಮಷಿನ್ ಟಿಕೆಟ್ಟಿನ ಅಕ್ಷರ ಮಾಸಿಹೋಗುತ್ತದಲ್ಲ, ಅದಕ್ಕೆ ಮೊದಲೇ ಒಂದು ಜೆರಾಕ್ಸ್ ಬೇರೆ. ಸೊನ್ನೆ ರೂಪಾಯಿಗೆ ಒಂದು ರೂಪಾಯಿಯ ಜೆರಾಕ್ಸ್ ಯಾಕೆ ಸರ್ ಅಂದರೆ ಕನ್ನಡಕದ ಮೇಲಿಂದ ನೋಡುತ್ತಾರೆ.

ಮೀಟಿಂಗಿನಲ್ಲಿ ನಮಗೆ ಮೂರು ತಿಂಗಳ ಟೈಮ್ ಸಿಕ್ಕಿತು. ಸರ್ ತಮ್ಮ ಹೈಸ್ಕೂಲ್ ಬ್ಯಾಚಿನ ವಾಟ್ಸಾಪ್ ಗ್ರೂಪಿನವರನ್ನು ಮನೆಗೆ ಕರೆಸಿ ಈ ಪುಸ್ತಕ ಬಿಚ್ಚಿಟ್ಟರು. ಅವರು ಫೋಟೊ ಕೇಳಲಿಲ್ಲ. ಸೊನ್ನೆ, ಸೊನ್ನೆ, ಸೊನ್ನೆ ಅಂತಿದ್ದ ಪುಟಗಳನ್ನು ತಿರುವಿ ನೋಡಿದರು. ಇವತ್ತಿಗೂ ಪೆನ್ಷನ್ ಬಿದ್ದ ದಿನ ತಲೆಗೆ ಐನೂರು ರೂಪಾಯಿ ಬರುತ್ತದೆ. ಆ ಹಿರಿಯರಿಗೆಲ್ಲ ನಮಸ್ಕಾರ. ಪಾಸಾದ ಇಬ್ಬರಲ್ಲಿ ಒಬ್ಬ ಕೊನೆಯ ಎರಡು ವಿಷಯ ಬರೆದದ್ದು ತನ್ನ ಮನೆಯಿಂದ ಹೋಗಿ. ಪುಸ್ತಕದಲ್ಲಿ ಅವನ ನಂಬರಿನ ಮುಂದೆ ಹನ್ನೊಂದು ಟಿಕೆಟ್ ಇವೆ.

ಆ ಉದ್ದ ಬಾಲದ ಸಹಿಯ ಹುಡುಗನ ಮುಂದೆ ಮೂರಿವೆ. ಮೂರು ಸಲವೂ ಮನೆಗೆ ಬೀಗ. ಅಕ್ಕಪಕ್ಕ ಕೇಳುವ ಹಾಗಿಲ್ಲ. ನೀವ್ಯಾರು ಅಂದರೆ ಏನಂತ ಹೇಳುವುದು? ಷರಾ ಕಾಲಂನಲ್ಲಿ ಸರ್ ಮೂರು ಸಲವೂ ಒಂದೇ ಮಾತು ಬರೆದಿದ್ದಾರೆ, 'ಮತ್ತೆ ಹೋಗುವುದು'. ಈ ಭಾನುವಾರ ಹೋಗುತ್ತಿದ್ದೇವೆ. ಸರ್ ಕೂಡ ಬರುತ್ತಾರಂತೆ. ಅವರಿಗೆ ಮಾತ್ರ ಟಿಕೆಟ್ಟಿಗೆ ದುಡ್ಡು ಕೊಡಬೇಕು. ಅದನ್ನು ಟ್ರಸ್ಟಿನ ಖರ್ಚಿಗೆ ಹಾಕಲು ಒಪ್ಪುತ್ತಿಲ್ಲ. ಬೆಳಗಿನಿಂದ ಫೋನಲ್ಲಿ ಅದೇ ಜಗಳ.